ಆನ್‌ಲೈನ್‌ನಲ್ಲಿ ಬೆಲೆ ತಪ್ಪಾಗಿ ಬಿತ್ತಾ? ಬಂದ ಆರ್ಡರ್‌ಗಳನ್ನು ನಿಭಾಯಿಸುವ ಸಮಗ್ರ ಮಾರ್ಗದರ್ಶಿ

4,200 ರೂಪಾಯಿಯ ಇಳಕಲ್ ಸೀರೆಗೆ 2,400 ಅಂತ ಟೈಪ್ ಆಗಿದೆ. ರಾತ್ರಿ ಯಾರೂ ಗಮನಿಸಿಲ್ಲ. ಬೆಳಗ್ಗೆ ಫೋನ್ ತೆಗೆದರೆ 11 ಸೀರೆಗೆ ಆರ್ಡರ್, ದುಡ್ಡೂ ಬಂದುಬಿಟ್ಟಿದೆ. ಈಗ ಕೊಡೋದಾ, ಕ್ಯಾನ್ಸಲ್ ಮಾಡೋದಾ?

ಇನ್‌ಸ್ಟಾ ಪೇಜ್, ವಾಟ್ಸಾಪ್ ಕ್ಯಾಟಲಾಗ್, ಸ್ವಂತ ವೆಬ್‌ಸೈಟ್, ಅಮೆಜಾನ್ ಅಥವಾ ಮೀಶೋ, ಎಲ್ಲಿ ಮಾರಿದರೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗ್ರಾಹಕರು ಆ ಬೆಲೆಯನ್ನು ನಿಜ ಅಂತ ನಂಬುವಂತಿದ್ದರೆ, ನಷ್ಟ ನೀವು ತಡೆದುಕೊಳ್ಳುವಂತಿದ್ದರೆ, ಅದೇ ಬೆಲೆಗೆ ಕೊಟ್ಟುಬಿಡಿ. ಆದರೆ ಗಾಬರಿಯಲ್ಲಿ ಎಲ್ಲರಿಗೂ ಕೊಡುವುದು ಬೇರೆ, ಲೆಕ್ಕ ಹಾಕಿ ಕೊಡುವುದು ಬೇರೆ. ಮೇಲಿನ ಸೀರೆಯ ಉದಾಹರಣೆಯನ್ನೇ ಕೊನೆತನಕ ಇಟ್ಟುಕೊಂಡು ಹಂತಹಂತವಾಗಿ ನೋಡೋಣ.

ಹಂತ 1: ಮೊದಲು ಮಾರಾಟ ನಿಲ್ಲಿಸಿ, ಡಿಲೀಟ್ ಮಾಡಬೇಡಿ

ತಪ್ಪು ಕಂಡ ಕೂಡಲೇ ಎಲ್ಲರ ಕೈಯೂ ಡಿಲೀಟ್ ಬಟನ್‌ಗೆ ಹೋಗುತ್ತದೆ. ತಡೆಯಿರಿ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಬೆಲೆ, ವಿವರಣೆ, ಫೋಟೋ, ಸ್ಟಾಕ್ ಎಷ್ಟು ತೋರಿಸುತ್ತಿತ್ತು, ಎಲ್ಲವೂ ಅದರಲ್ಲಿ ಇರಲಿ. ನಾಳೆ ಗ್ರಾಹಕರು "ಫ್ರೀ ಡೆಲಿವರಿ ಅಂತ ಇತ್ತಲ್ವಾ?" ಅಂತ ಕೇಳಿದರೆ ಉತ್ತರ ಕೊಡಲು ನಿಮ್ಮ ಹತ್ತಿರವೂ ದಾಖಲೆ ಬೇಕು.

ಆಮೇಲೆ ಸ್ಟಾಕ್ ಸೊನ್ನೆ ಮಾಡಿ. ಬೆಲೆ ತಿದ್ದುವುದಕ್ಕಿಂತ ಇದು ವೇಗ. ಜಾಹೀರಾತು ಓಡುತ್ತಿದ್ದರೆ ನಿಲ್ಲಿಸಿ. ವಾಟ್ಸಾಪ್ ಕ್ಯಾಟಲಾಗ್‌ನಲ್ಲಿ ಆ ಐಟಂ ಹೈಡ್ ಮಾಡಿ, ಸ್ಟೇಟಸ್ ಮತ್ತು ಸ್ಟೋರಿ ತೆಗೆಯಿರಿ. ರೀಸೆಲ್ಲರ್ ಗುಂಪುಗಳಿಗೆ ಫೋಟೋ ಕಳಿಸಿದ್ದರೆ ಅಲ್ಲೂ ಒಂದು ಸಾಲು ಹಾಕಿ: "ಹಸಿರು ಇಳಕಲ್ ಬೆಲೆ ತಪ್ಪಾಗಿದೆ, ಸದ್ಯಕ್ಕೆ ಆರ್ಡರ್ ತಗೋಬೇಡಿ." ಬಹಳ ಜನ ಇದನ್ನೇ ಮರೆಯುತ್ತಾರೆ. ಮೂಲ ಲಿಸ್ಟಿಂಗ್ ನಿಂತಿರುತ್ತದೆ, ಫಾರ್ವರ್ಡ್ ಆದ ಫೋಟೋ ಮಾತ್ರ ಊರೆಲ್ಲ ಸುತ್ತುತ್ತಿರುತ್ತದೆ.

ಹಂತ 2: ಬಂದ ಆರ್ಡರ್‌ಗಳನ್ನು ಒಂದು ಹಾಳೆಗೆ ಇಳಿಸಿ

ಹೆಸರು, ಆರ್ಡರ್ ಮಾಡಿದ ಸಮಯ, ಎಷ್ಟು ಪೀಸ್, ದುಡ್ಡು ಬಂದಿದೆಯಾ ಅಥವಾ ಕ್ಯಾಶ್ ಆನ್ ಡೆಲಿವರಿಯಾ, ನೀವು ಏನಾದರೂ ಉತ್ತರ ಕೊಟ್ಟಿದ್ದೀರಾ, ಪಾರ್ಸೆಲ್ ಹೊರಟಿದೆಯಾ. ಇಷ್ಟು ಸಾಕು.

ನಮ್ಮ ಉದಾಹರಣೆಯಲ್ಲಿ 8 ಜನ ಸೇರಿ 11 ಸೀರೆ ತೆಗೆದುಕೊಂಡಿದ್ದಾರೆ ಅಂದುಕೊಳ್ಳಿ. ಏಳು ಜನ ಒಂದೊಂದು. ಒಬ್ಬರು ಮಾತ್ರ ನಾಲ್ಕು. ಹಾಳೆಗೆ ಇಳಿಸಿದಾಗಲೇ ಈ ವ್ಯತ್ಯಾಸ ಕಾಣುವುದು. ಫೋನ್‌ನಲ್ಲಿ ನೋಟಿಫಿಕೇಶನ್ ಎಣಿಸಿದರೆ ಎಲ್ಲವೂ ಒಂದೇ ಥರ ಭಯ ಹುಟ್ಟಿಸುತ್ತವೆ.

ಹಂತ 3: ಆ ಬೆಲೆಯನ್ನು ಗ್ರಾಹಕರು ನಂಬುವಂತಿತ್ತಾ?

ಇಡೀ ತೀರ್ಮಾನ ನಿಂತಿರುವುದು ಈ ಪ್ರಶ್ನೆಯ ಮೇಲೆ. 4,200ರ ಸೀರೆ 2,400ಕ್ಕೆ ಕಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ಹಬ್ಬದ ಆಫರ್ ಇರಬಹುದು ಅಂದುಕೊಳ್ಳುತ್ತಾರೆ. 42 ರೂಪಾಯಿ ಅಂತ ಕಂಡರೆ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. ಕಷ್ಟ ಇರುವುದು ನಡುವೆ. 420 ಅಂತ ಬಿದ್ದಿದ್ದರೆ? ನೀವು ಕೈಮಗ್ಗದವರು, ನಿಮಗೆ ಅದು ಅಸಂಭವ. ಆದರೆ ಪವರ್‌ಲೂಮ್‌ನಲ್ಲಿ ನೇಯ್ದ ಇಳಕಲ್ ಮಾದರಿಯ ಸೀರೆಗಳು ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಕೊಳ್ಳುವವರಿಗೆ ಎರಡರ ವ್ಯತ್ಯಾಸ ಗೊತ್ತಿರಲೇಬೇಕು ಅಂತೇನಿಲ್ಲ. ಹಾಗಾಗಿ ನಿಮ್ಮ ಕಣ್ಣಿಂದ ಅಲ್ಲ, ಅವರ ಕಣ್ಣಿಂದ ನೋಡಿ.

ಕಾನೂನಿನ ದಾರಿಯೂ ಹೆಚ್ಚುಕಡಿಮೆ ಹೀಗೇ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಒಬ್ಬ ಪಕ್ಷದವರು ಮಾತ್ರ ತಪ್ಪು ತಿಳಿದುಕೊಂಡಿದ್ದರು ಅನ್ನುವ ಒಂದೇ ಕಾರಣಕ್ಕೆ ಕರಾರು ಮುರಿದುಬೀಳುವುದಿಲ್ಲ. "ನಂದು ಟೈಪಿಂಗ್ ಮಿಸ್ಟೇಕ್" ಅಂದರೆ ಕಾನೂನು ತಾನಾಗಿ ನಿಮ್ಮ ಕಡೆ ಬರಲ್ಲ. ಇನ್ನೊಂದು ಕಡೆ, ಬೆಲೆ ಹಾಕಿ ಇಟ್ಟ ಮಾತ್ರಕ್ಕೆ ಮಾರಾಟ ಮುಗಿದಂತೆಯೂ ಅಲ್ಲ. ಗ್ರಾಹಕರ ಆರ್ಡರ್ ಒಂದು ಪ್ರಸ್ತಾಪ, ನೀವು ಒಪ್ಪಿದಾಗ ಕರಾರು ಆಗುತ್ತದೆ ಅನ್ನುವುದು ಸಾಮಾನ್ಯ ತಿಳುವಳಿಕೆ. ಅದಕ್ಕೇ ಹಂತ 2ರಲ್ಲಿ "ಉತ್ತರ ಕೊಟ್ಟಿದ್ದೀರಾ" ಅಂತ ಬರೆಯಲು ಹೇಳಿದ್ದು. ವಾಟ್ಸಾಪ್‌ನಲ್ಲಿ "ಆಯ್ತು ಮೇಡಂ, ನಾಳೆ ಕಳಿಸ್ತೀವಿ" ಅಂತ ಹಾಕಿದ್ದರೆ ನೀವು ಒಪ್ಪಿದ ಹಾಗೆಯೇ.

ಗ್ರಾಹಕರಿಗೆ ತಪ್ಪು ಗೊತ್ತಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸಿಂಗಾಪುರದ ಪ್ರಸಂಗ ಪ್ರಸಿದ್ಧ. ಅಲ್ಲಿ ಒಂದು ವೆಬ್‌ಸೈಟ್‌ನಲ್ಲಿ 3,854 ಸಿಂಗಾಪುರ ಡಾಲರ್ ಬೆಲೆಯ ಲೇಸರ್ ಪ್ರಿಂಟರ್ 66 ಡಾಲರ್‌ಗೆ ಕಂಡಿತ್ತು. ಆರು ಜನ ಸೇರಿ 1,606 ಪ್ರಿಂಟರ್ ಆರ್ಡರ್ ಮಾಡಿದರು, ಆಮೇಲೆ ಕೋರ್ಟಿಗೂ ಹೋದರು. 2004ರಲ್ಲಿ ಹೈಕೋರ್ಟ್, 2005ರಲ್ಲಿ ಮೇಲ್ಮನವಿ ನ್ಯಾಯಾಲಯ, ಎರಡೂ ಅವರ ವಿರುದ್ಧ ತೀರ್ಪು ಕೊಟ್ಟವು. ತಪ್ಪು ಗೊತ್ತಿದ್ದೇ ಕೊಂಡಿದ್ದರು ಅನ್ನುವುದು ಕಾರಣ. ಅದು ನಮ್ಮ ಕೋರ್ಟಿನ ತೀರ್ಪಲ್ಲ, ಆದರೆ ಯೋಚನೆಗೆ ಒಳ್ಳೆಯ ಅಳತೆಗೋಲು. ಒಂದು ಸೀರೆ ತೆಗೆದುಕೊಂಡ ಏಳು ಜನರನ್ನು ಆ ಆರು ಜನರ ಸಾಲಿಗೆ ಸೇರಿಸಬೇಡಿ.

ಹಂತ 4: ನಷ್ಟ ಎಷ್ಟು ಅಂತ ಸರಿಯಾಗಿ ಲೆಕ್ಕ ಹಾಕಿ

"ಒಂದು ಸೀರೆಗೆ 1,800 ಹೋಯ್ತು, 11 ಸೀರೆಗೆ ಹತ್ತಿರಹತ್ತಿರ 20 ಸಾವಿರ" ಅಂತ ತಲೆ ಮೇಲೆ ಕೈ ಇಟ್ಟುಕೊಳ್ಳುವವರೇ ಜಾಸ್ತಿ. ಅದು ತಪ್ಪು ಲೆಕ್ಕ. ಆ 1,800ರಲ್ಲಿ ನಿಮ್ಮ ಲಾಭವೂ ಸೇರಿದೆ. ಕೈಯಿಂದ ಹೋಗುವುದೆಷ್ಟು ಅಂತ ನೋಡಿ.

2,400ರಲ್ಲಿ 5% ಜಿಎಸ್‌ಟಿ ಸೇರಿದೆ ಅಂತಿಟ್ಟುಕೊಂಡರೆ ತೆರಿಗೆಗೆ 114 ಹೋಗುತ್ತದೆ. ನೇಕಾರರಿಗೆ ಕೊಟ್ಟಿದ್ದು 3,100, ಪ್ಯಾಕಿಂಗ್ 40, ಕೊರಿಯರ್ 100. ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಪಾವತಿ ನಡೆಸಿಕೊಡುವ ಕಂಪನಿ) ಶುಲ್ಕ 2% ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ 57. ಒಟ್ಟು ಖರ್ಚು 3,411. ಅಂದರೆ ಒಂದು ಸೀರೆಗೆ 1,011 ರೂಪಾಯಿ ನಷ್ಟ. 11 ಸೀರೆಗೆ 11,121.

ಇದೇ ಸೀರೆ 4,200ಕ್ಕೆ ಹೋಗಿದ್ದರೆ ಅದೇ ಲೆಕ್ಕದಲ್ಲಿ 661 ರೂಪಾಯಿ ಉಳಿಯುತ್ತಿತ್ತು. ಹಾಗಾದರೆ 11,121 ತುಂಬಲು ಸರಿಯಾದ ಬೆಲೆಗೆ 17 ಸೀರೆ ಮಾರಬೇಕು. ನಿಮ್ಮ ವ್ಯಾಪಾರದಲ್ಲಿ 17 ಸೀರೆ ಅಂದರೆ ಎಷ್ಟು ದಿನ? ಒಂದು ವಾರವಾದರೆ ಧೈರ್ಯವಾಗಿ ಕೊಡಿ. ನಾಲ್ಕು ತಿಂಗಳಾದರೆ ಯೋಚಿಸಬೇಕು.

ಕ್ಯಾನ್ಸಲ್ ಮಾಡುವುದೂ ಪುಕ್ಕಟೆ ಅಲ್ಲ. ರೀಫಂಡ್ ಮಾಡಿದರೂ ಗೇಟ್‌ವೇ ಶುಲ್ಕ ಸಾಮಾನ್ಯವಾಗಿ ವಾಪಸ್ ಬರಲ್ಲ. ಅದು 600 ಚಿಲ್ಲರೆ. ಅಮೆಜಾನ್‌ನಲ್ಲಿ ನೀವೇ ಪಾರ್ಸೆಲ್ ಕಳಿಸುವವರಾದರೆ, ನಿಮ್ಮ ಕಡೆಯಿಂದ ಆಗುವ ಕ್ಯಾನ್ಸಲ್ 2.5% ಒಳಗೆ ಇರಬೇಕು ಅನ್ನುವ ನಿಯಮ ಇದೆ. ವಾರಕ್ಕೆ ಐವತ್ತು ಆರ್ಡರ್ ಬರುವ ಸಣ್ಣ ಅಂಗಡಿ ಒಂದೇ ದಿನ ಎಂಟು ಆರ್ಡರ್ ರದ್ದು ಮಾಡಿದರೆ ಆ ಗೆರೆ ಎಲ್ಲೋ ಹಿಂದೆ ಉಳಿಯುತ್ತದೆ. ಅಕೌಂಟ್‌ಗೇ ಕುತ್ತು ಬರಬಹುದು.

ದೊಡ್ಡ ಕಂಪನಿಗಳೂ ಈ ಲೆಕ್ಕ ಹಾಕಿವೆ. 2010ರ ಮೇ ತಿಂಗಳಲ್ಲಿ ಅಮೆರಿಕದ ಜ್ಯಾಪೋಸ್ ಕಂಪನಿಯ 6ಪಿಎಂ ಸೈಟ್‌ನಲ್ಲಿ ಬೆಲೆ ನಿಗದಿ ಮಾಡುವ ವ್ಯವಸ್ಥೆ ಕೆಟ್ಟು, ಕೆಲವು ಗಂಟೆಗಳ ಕಾಲ ಎಲ್ಲ ಸರಕಿನ ಗರಿಷ್ಠ ಬೆಲೆಯೇ 49.95 ಡಾಲರ್ ಆಗಿಬಿಟ್ಟಿತ್ತು. ಕಂಪನಿ ಆ ಆರ್ಡರ್‌ಗಳನ್ನೆಲ್ಲ ಒಪ್ಪಿಕೊಂಡಿತು. ನಷ್ಟ 16 ಲಕ್ಷ ಡಾಲರ್‌ಗೂ ಮೇಲೆ. ಅವರಿಗೆ ತಡೆದುಕೊಳ್ಳಲು ಆಯಿತು, ಕೊಟ್ಟರು. ನೀವು ಸಾಲ ಮಾಡಿ ಕೊಡಬೇಕಾಗಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಈ ನಷ್ಟವನ್ನು ನೇಕಾರರ ಕೂಲಿಯಲ್ಲಿ ಕಡಿಯಲು ಹೋಗಬೇಡಿ. "ಈ ಸಲ ಒಂದು ಮುನ್ನೂರು ಕಮ್ಮಿ ಮಾಡ್ಕೊಳ್ರೀ" ಅಂತ ಕೇಳುವವರಿದ್ದಾರೆ. ಟೈಪ್ ಮಾಡಿದ್ದು ನೀವು, ಮಗ್ಗದ ಮುಂದೆ ಕೂತವರಲ್ಲ.

ಹಂತ 5: ತೀರ್ಮಾನ ಮಾಡಿ, ಎಲ್ಲರಿಗೂ ಒಂದೇ ನಿಯಮ ಇಡಿ

ನಮ್ಮ ಉದಾಹರಣೆಯಲ್ಲಿ ನನ್ನ ಸಲಹೆ ಇದು. ಎಂಟು ಜನರಿಗೂ ಒಂದೊಂದು ಸೀರೆ 2,400ಕ್ಕೇ ಕೊಡಿ. ನಾಲ್ಕು ತೆಗೆದುಕೊಂಡವರ ಜೊತೆ ಮಾತ್ರ ಫೋನ್‌ನಲ್ಲಿ ಮಾತಾಡಿ. ಅವರು ರೀಸೆಲ್ಲರ್ ಆಗಿರಬಹುದು, ಮನೆಯಲ್ಲಿ ಮದುವೆಯೂ ಇರಬಹುದು. ಉಳಿದ ಮೂರಕ್ಕೆ ದುಡ್ಡು ವಾಪಸ್ ತೆಗೆದುಕೊಳ್ಳಲು ಒಪ್ಪುತ್ತಾರಾ ಕೇಳಿ. ಒಪ್ಪಿದರೆ ನಿಮ್ಮ ನಷ್ಟ, ವಾಪಸ್ ಬಾರದ ಮೂರು ಸೀರೆಯ ಗೇಟ್‌ವೇ ಶುಲ್ಕವೂ ಸೇರಿ, 8,259ಕ್ಕೆ ಇಳಿಯುತ್ತದೆ. ಒಪ್ಪದಿದ್ದರೆ, ಆರ್ಡರ್ ಖಚಿತ ಅಂತ ನೀವು ಆಗಲೇ ಹೇಳಿದ್ದರೆ, ನಾಲ್ಕೂ ಕೊಡುವುದು ಲೇಸು. ಒಬ್ಬರಿಗೆ ಇಷ್ಟು ಪೀಸ್ ಮಾತ್ರ ಅಂತ ಲಿಸ್ಟಿಂಗ್‌ನಲ್ಲಿ ನೀವು ಹಾಕಿರಲಿಲ್ಲ ಅಲ್ವಾ?

ಪರಿಚಯದವರಿಗೆ ಕೊಟ್ಟು ಹೊಸಬರಿಗೆ ಕ್ಯಾನ್ಸಲ್ ಮಾಡಬೇಡಿ. ಕಾಮೆಂಟ್‌ನಲ್ಲಿ ಜಗಳ ಆಡುವವರಿಗೆ ಮಾತ್ರ ಕೊಟ್ಟು ಸುಮ್ನೆ ಇದ್ದವರಿಗೆ ಇಲ್ಲ ಅನ್ನುವುದು ಇನ್ನೂ ಕೆಟ್ಟದ್ದು. ಗ್ರಾಹಕರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ, ಗೊತ್ತಾಗುತ್ತದೆ.

ಹಂತ 6: ಅವರಿಗೆ ತಿಳಿಸಿ

ಕೊಡುವುದೇ ಆದರೆ ತಪ್ಪಿನ ವಿಷಯ ಹೇಳುವುದ್ಯಾಕೆ ಅಂತ ಕೆಲವರು ಕೇಳುತ್ತಾರೆ. ಹೇಳದಿದ್ದರೆ ಮುಂದಿನ ವಾರ ಅವರ ನಾದಿನಿ 2,400 ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ, ಅದಕ್ಕೆ. ಮೆಸೇಜ್ ಹೀಗಿರಲಿ:

"ನಮಸ್ಕಾರ ಮೇಡಂ. ನಿನ್ನೆ ನೀವು ಆರ್ಡರ್ ಮಾಡಿದ ಹಸಿರು ಇಳಕಲ್ ಸೀರೆ ವಿಷಯವಾಗಿ ಈ ಮೆಸೇಜ್. ಅದರ ಬೆಲೆ 4,200. ನಮ್ಮ ಕಡೆಯಿಂದ ತಪ್ಪಾಗಿ 2,400 ಅಂತ ಬಿದ್ದಿತ್ತು. ನೀವು ಕೊಟ್ಟ ಬೆಲೆಗೇ ಸೀರೆ ಕಳಿಸ್ತೀವಿ, ಮತ್ತೇನೂ ಕೊಡಬೇಕಿಲ್ಲ. ನಾಳೆ ಪಾರ್ಸೆಲ್ ಹೊರಡುತ್ತೆ, ಟ್ರ್ಯಾಕಿಂಗ್ ನಂಬರ್ ಇಲ್ಲೇ ಕಳಿಸ್ತೀವಿ. ಇವತ್ತಿನಿಂದ ಈ ಸೀರೆಗೆ 4,200 ಇರುತ್ತೆ."

ಅಷ್ಟೇ. ನಮಗೆಷ್ಟು ನಷ್ಟ ಆಯ್ತು, ಮಗು ಅಳುತ್ತಿತ್ತು, ಕರೆಂಟ್ ಹೋಗಿತ್ತು, ಇದೆಲ್ಲ ಬೇಡ. ದುಡ್ಡು ಬಂದ ಮೇಲೆ "ಇನ್ನೊಂದು ಸಾವಿರ ಹಾಕಿದರೆ ಕಳಿಸ್ತೀವಿ" ಅಂತ ಕೇಳುವುದಂತೂ ಬೇಡವೇ ಬೇಡ. ಬೆಲೆ ತಪ್ಪಾಗಿದ್ದಕ್ಕೆ ಯಾರಾದರೂ ಕ್ಷಮಿಸುತ್ತಾರೆ. ದುಡ್ಡು ಹಿಡಿದಿಟ್ಟುಕೊಂಡು ಚೌಕಾಸಿ ಮಾಡಿದರೆ ಅದು ಬೇರೆ ಥರ ಕಾಣುತ್ತದೆ. ಗ್ರಾಹಕರೇ "ಅರ್ಧ ನಾನು ಹಾಕ್ತೀನಿ ಬಿಡ್ರೀ" ಅಂದರೆ? ಅಂಥವರೂ ಇರುತ್ತಾರೆ. ಥ್ಯಾಂಕ್ಸ್ ಹೇಳಿ, ಬೇಡ ಅನ್ನಿ.

ಹಂತ 7: ಪಾರ್ಸೆಲ್ ಕಳಿಸುವಾಗ ನೋಡಬೇಕಾದ್ದು

ಫೋಟೋದಲ್ಲಿದ್ದ ಸೀರೆಯೇ ಹೋಗಬೇಕು. ಕಡಿಮೆ ಬೆಲೆಗೆ ಹೋಯಿತಲ್ಲ ಅಂತ ಸೆರಗಿನಲ್ಲಿ ಎಳೆ ಬಿಟ್ಟ ಪೀಸ್, ಮಡಿಕೆಯಲ್ಲಿ ಬಣ್ಣ ಮಾಸಿದ ಪೀಸ್ ಹುಡುಕಿ ಕಳಿಸಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ವ್ಯರ್ಥ.

ಕ್ಯಾಶ್ ಆನ್ ಡೆಲಿವರಿ ಆದರೆ ಲೇಬಲ್ ಮೇಲಿನ ಮೊತ್ತ ಎರಡು ಸಲ ನೋಡಿ. ಕೊರಿಯರ್ ಆ್ಯಪ್‌ನಲ್ಲಿ ಕೈಯಾರೆ ಟೈಪ್ ಮಾಡುವವರು ಅಭ್ಯಾಸಬಲದಿಂದ 4,200 ಹಾಕಿಬಿಡುತ್ತಾರೆ. ಆಮೇಲೆ ಡೆಲಿವರಿ ಹುಡುಗ ಬಾಗಿಲಲ್ಲಿ ನಿಂತು 4,200 ಕೇಳುತ್ತಾನೆ, ಗ್ರಾಹಕರು ಪಾರ್ಸೆಲ್ ವಾಪಸ್ ಕಳಿಸುತ್ತಾರೆ. ಹೋಗಿ ಬರುವ ಖರ್ಚೂ ನಿಮ್ಮ ಮೇಲೆಯೇ.

ಬಿಲ್ 2,400ಕ್ಕೇ ಹಾಕಿ. ಜಿಎಸ್‌ಟಿ ಲೆಕ್ಕ ನೀವು ನಿಜವಾಗಿ ತೆಗೆದುಕೊಂಡ ಬೆಲೆಯ ಮೇಲೆ, ಮನಸ್ಸಿನಲ್ಲಿದ್ದ ಬೆಲೆಯ ಮೇಲಲ್ಲ. ಮೊದಲೇ 4,200ಕ್ಕೆ ಇನ್‌ವಾಯ್ಸ್ ಆಗಿದ್ದರೆ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಇಳಿಸುವ ದಾಖಲೆ) ಮಾಡಿಸಿ, ನಿಮ್ಮ ಅಕೌಂಟೆಂಟ್‌ಗೆ ಹೇಳಿ.

ಹಂತ 8: ಕ್ಯಾನ್ಸಲ್ ಮಾಡಲೇಬೇಕಾದರೆ

42 ರೂಪಾಯಿಗೆ ಬಿದ್ದಿದೆ, 300 ಆರ್ಡರ್ ಬಂದಿದೆ. ಇಲ್ಲಿ ಕೊಡುವ ಮಾತೇ ಇಲ್ಲ. ಅದೇ ದಿನ ತಿಳಿಸಿ, ಅದೇ ದಿನ ರೀಫಂಡ್ ಹಾಕಿ. ದುಡ್ಡು ಬಂದ ದಾರಿಯಲ್ಲೇ ವಾಪಸ್ ಹೋಗಲಿ. ಬೇರೆ ಯುಪಿಐ ಐಡಿ ಕೇಳುವುದು, ಕ್ಯೂಆರ್ ಕೋಡ್ ಕಳಿಸುವುದು ಬೇಡ. ರೀಫಂಡ್ ಹೆಸರಿನಲ್ಲಿ ಮೋಸ ಮಾಡುವವರು ಮಾಡುವುದೇ ಅದು, ಜನ ಹೆದರಿರುತ್ತಾರೆ. "ನಾವು ಓಟಿಪಿ, ಪಿನ್ ಏನೂ ಕೇಳಲ್ಲ" ಅಂತ ಮೆಸೇಜ್‌ನಲ್ಲೇ ಬರೆಯಿರಿ. ಬ್ಯಾಂಕ್‌ಗೆ ಸೇರಲು ಕೆಲವು ದಿನ ಹಿಡಿಯಬಹುದು, ಹಾಗಾಗಿ ರೀಫಂಡ್ ರೆಫರೆನ್ಸ್ ನಂಬರ್ ಕೂಡ ಕಳಿಸಿ.

ರೇಟಿಂಗ್ ಉಳಿಸಿಕೊಳ್ಳಲು "ಮೇಡಂ, ನೀವೇ ಕ್ಯಾನ್ಸಲ್ ಮಾಡ್ಬಿಡಿ ಪ್ಲೀಸ್" ಅಂತ ಬೇಡುವ ಅಭ್ಯಾಸ ನಮ್ಮಲ್ಲಿ ಬಹಳ. ಮಾಡಬೇಡಿ. ತಪ್ಪು ನಿಮ್ಮದು, ಕ್ಯಾನ್ಸಲ್ ಬಟನ್ ನೀವೇ ಒತ್ತಿ. ಕಾರಣ ಕೇಳಿದಾಗ ಬೆಲೆ ತಪ್ಪು ಅಂತಲೇ ಆಯ್ಕೆ ಮಾಡಿ, ಸ್ಟಾಕ್ ಇಲ್ಲ ಅಂತ ಸುಳ್ಳು ಹಾಕಬೇಡಿ. ಮರುದಿನ ಅದೇ ಸೀರೆ 4,200ಕ್ಕೆ ಲಿಸ್ಟ್ ಆದಾಗ ಗ್ರಾಹಕರಿಗೆ ಕಾಣುತ್ತದಲ್ಲ.

ಸಿಟ್ಟಾದ ಗ್ರಾಹಕರಿಗೆ ದಾರಿಗಳಿವೆ ಅನ್ನುವುದೂ ನೆನಪಿರಲಿ. 1915 ಅನ್ನುವುದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಅವರು ತಾವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. ನೀವು ಇಳಕಲ್‌ನಲ್ಲಿ, ಅವರು ಗುವಾಹಟಿಯಲ್ಲಿ. ಓಡಾಡಬೇಕಾದವರು ನೀವು.

ಬೆಲೆ ಸರಿ, ವಿವರಣೆ ತಪ್ಪಾದರೆ?

ನನ್ನ ಪ್ರಕಾರ ಇದು ಬೆಲೆ ತಪ್ಪಿಗಿಂತ ಗಂಭೀರ. ಇಳಕಲ್ ಸೀರೆಯಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ ಇರುವುದುಂಟು. ಎರಡನ್ನೂ ಕೊಂಡಿ ಹಾಕಿ ಜೋಡಿಸಿ ನೇಯುವುದೇ ಅದರ ವಿಶೇಷ. ಅಂಥ ಸೀರೆಗೆ "ಶುದ್ಧ ರೇಷ್ಮೆ" ಅಂತ ಬಿದ್ದಿದ್ದರೆ ಪಾರ್ಸೆಲ್ ಕಳಿಸಿ ಸುಮ್ನಾಗುವಂತಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳಲು, ದುಡ್ಡು ಮರಳಿಸಲು ಮಾರುವವರು ನಿರಾಕರಿಸುವಂತಿಲ್ಲ. ನಿಮ್ಮ ಪೇಜ್‌ನಲ್ಲಿ "ನೋ ರಿಟರ್ನ್, ನೋ ಎಕ್ಸ್‌ಚೇಂಜ್" ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಅಷ್ಟೇ.

ಕಳಿಸುವ ಮೊದಲೇ ಫೋನ್ ಮಾಡಿ ಮೂರು ದಾರಿ ಕೊಡಿ: ಇದೇ ಸೀರೆ ಬೇಕಾದರೆ ಇದರ ನಿಜವಾದ ಬೆಲೆಗೆ, ಉಳಿದ ದುಡ್ಡು ವಾಪಸ್. ಬೇಡವಾದರೆ ಪೂರ್ತಿ ವಾಪಸ್. ನಿಮಗೆ ಸಾಧ್ಯವಿದ್ದರೆ ಅದೇ ಬೆಲೆಗೆ ಶುದ್ಧ ರೇಷ್ಮೆಯದ್ದು. ಆಯ್ಕೆ ಅವರದ್ದು.

ಇನ್ನು ಬ್ಲೌಸ್ ಪೀಸ್. ಬೇರೆ ಸೀರೆಯ ಲಿಸ್ಟಿಂಗ್ ಕಾಪಿ ಮಾಡುವಾಗ "ಬ್ಲೌಸ್ ಪೀಸ್ ಸಹಿತ" ಅನ್ನುವ ಸಾಲು ಹಾಗೇ ಉಳಿದುಬಿಡುತ್ತದೆ. ಸಾಂಪ್ರದಾಯಿಕ ಇಳಕಲ್ ಸೀರೆಗೆ ಕುಪ್ಪಸದ ಬಟ್ಟೆ ಬೇರೆ, ಗುಳೇದಗುಡ್ಡದ ಖಣ. ಇಲ್ಲಿ ಪರಿಹಾರ ಸುಲಭ. ಸೀರೆಯ ಅಂಚಿಗೆ ಹೊಂದುವ ಒಂದು ಖಣ ಸೇರಿಸಿ ಕಳಿಸಿ. ಖರ್ಚು ಕಡಿಮೆ, ಲಿಸ್ಟಿಂಗ್‌ನಲ್ಲಿ ಹೇಳಿದ್ದನ್ನು ಕೊಟ್ಟಂತೆಯೂ ಆಯಿತು. ಯಾವ ಖಣ ಅಂತ ಫೋಟೋ ಕಳಿಸಿ ಕೇಳಿ, ನೀವೇ ಆರಿಸಬೇಡಿ.

ತಪ್ಪು ನಿಮ್ಮ ಲಾಭಕ್ಕೆ ಆಗಿದ್ದರೆ, ಅಂದರೆ 2,400ರ ಸೀರೆ 4,200ಕ್ಕೆ ಹೋಗಿದ್ದರೆ? ಗ್ರಾಹಕರು ಕೇಳಲ್ಲ, ಗೊತ್ತೂ ಇರಲ್ಲ. 1,800 ವಾಪಸ್ ಹಾಕಿ.

ಮತ್ತೆ ಲಿಸ್ಟ್ ಮಾಡುವ ಮೊದಲು

2014ರ ಡಿಸೆಂಬರ್‌ನಲ್ಲಿ ಬ್ರಿಟನ್‌ನ ಅಮೆಜಾನ್‌ನಲ್ಲಿ ನೂರಾರು ಸಣ್ಣ ವ್ಯಾಪಾರಿಗಳ ಸರಕು ಬರೀ ಒಂದು ಪೆನ್ನಿ (ಪೌಂಡಿನ ನೂರನೇ ಒಂದು ಭಾಗ) ಬೆಲೆಗೆ ಮಾರಾಟವಾಗಿಬಿಟ್ಟಿತು. ಬೆಲೆಯನ್ನು ತಾನಾಗಿ ಏರಿಳಿಸುವ ಒಂದು ಸಾಫ್ಟ್‌ವೇರ್ ಕೈಕೊಟ್ಟಿತ್ತು. ಸೆಲ್ಲರ್ ಪ್ಯಾನೆಲ್‌ನಲ್ಲಿ ಕನಿಷ್ಠ ಬೆಲೆ ಹಾಕುವ ಜಾಗ ಇದ್ದರೆ ಖಾಲಿ ಬಿಡಬೇಡಿ. ನಮ್ಮ ಸೀರೆಗೆ ಅಲ್ಲಿ 3,600 ಹಾಕಿದರೆ ಅದಕ್ಕಿಂತ ಕೆಳಗೆ ಏನೇ ಟೈಪ್ ಆದರೂ ವ್ಯವಸ್ಥೆ ತಡೆಯುತ್ತದೆ. ಎಕ್ಸೆಲ್ ಶೀಟ್‌ನಲ್ಲಿ ಒಟ್ಟಿಗೆ ಬೆಲೆ ಏರಿಸುವವರು ಹಳೆ ಬೆಲೆಯ ಕಾಲಂ ಪಕ್ಕದಲ್ಲೇ ಉಳಿಸಿಕೊಳ್ಳಿ. ಬೆಲೆ ಬಹಳ ಬದಲಾದ ಸಾಲುಗಳನ್ನು ಕಣ್ಣಲ್ಲಿ ಓದಿ.

ವಾಟ್ಸಾಪ್, ಇನ್‌ಸ್ಟಾದಲ್ಲಿ ಇಂಥ ತಡೆ ಇಲ್ಲ. ಅಲ್ಲಿ ಪೋಸ್ಟ್ ಹಾಕಿದ ಮೇಲೆ ಬೇರೆಯವರ ಫೋನ್‌ನಿಂದ ಒಂದು ಸಲ ತೆರೆದು, ಬೆಲೆಯನ್ನು ಬಾಯಿಬಿಟ್ಟು ಓದಿಸಿ. ಬರೆದವರ ಕಣ್ಣಿಗೆ 2,400 ಕೂಡ 4,200 ಆಗಿಯೇ ಕಾಣುತ್ತದೆ. ಹಳೆಯ ಪೋಸ್ಟ್‌ನ ಲಿಂಕ್ ಇನ್ನೂ ಓಡಾಡುತ್ತಿದ್ದರೆ ಅದರ ಕೆಳಗೆ ಸರಿಯಾದ ಬೆಲೆಯ ಕಾಮೆಂಟ್ ಹಾಕಿ ಪಿನ್ ಮಾಡಿ, ಆಮೇಲೆ ಸ್ಟಾಕ್ ತೆರೆಯಿರಿ.